ಡಬ್ಬಣ್ಣನ ಕೆಂಪು ಕಣ್ಣು

"ಅಪ್ಪಾ, ಕೇಳಿಸ್ತಾ ಇದೆಯಾ? ಅಪ್ಪಾ! ನಾನು ಸೈಕಲ್ಲು..."

ಫೋನಿನೊಳಗೆ ಅಪ್ಪ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿದ್ದ. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಅರ್ಧ ತೆರೆದಿತ್ತು. ಇನ್ನೇನು ಸೀನಿಬಿಡುತ್ತಾನೆ ಎನ್ನುವ ಹಾಗಿತ್ತು ಮುಖ.

"ಅಪ್ಪಾ, ಸೈಕಲ್ಲು ನಾನು..."

ಅಪ್ಪ ಚೌಕ ಚೌಕವಾಗಿ ಒಡೆದುಹೋದ. ಆಮೇಲೆ ಪರದೆ ಕಪ್ಪಾಯಿತು. ಮಧ್ಯದಲ್ಲಿ ಒಂದು ಚಕ್ರ ಗಿರಗಿರ ಸುತ್ತತೊಡಗಿತು.

"ಹೋಯ್ತಾ?" ಎಂದಳು ಅಜ್ಜಿ. ಅವಳೂ ಫೋನಿನ ಮುಂದೆ ಮುಖ ಚಾಚಿಕೊಂಡು ಕೂತಿದ್ದಳು. ಮಗನ ಹತ್ತಿರ ಇನ್ನೂ ಒಂದು ಮಾತೂ ಆಡಿರಲಿಲ್ಲ.

"ಹೋಯ್ತು!"

ಬುಗುರಿ ಹಿಂದಿನ ಕೋಣೆಯಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಕೋಣೆ, ನಡುಕೋಣೆಯಿಂದ ಮುಂದಿನ ಕೋಣೆ ಅಂತ ಒಂದೇ ಓಟ ಕಿತ್ತಳು. ಅವಳ ನಿಜವಾದ ಹೆಸರು ಕೇಳಿಸುತ್ತಿದ್ದದ್ದು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ಬುಗುರಿಯೇ. ಒಂದು ಕಡೆ ನಿಲ್ಲು ಅಂದರೆ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಆಡುವ ಹುಡುಗಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ?

ಮುಂದಿನ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಡಬ್ಬಣ್ಣ ಕೂತಿದ್ದ. ಡಬ್ಬಣ್ಣ ಅಂದರೆ ಈ ಮನೆಯ ವೈಫೈ ರೂಟರ್. ಕರಿಯ ಡಬ್ಬಿ, ಎರಡು ಕೊಂಬು, ಮುಂದುಗಡೆ ಸಾಲಾಗಿ ದೀಪಗಳು. ಅದರಲ್ಲಿ ಎರಡು ದೀಪಗಳ ಸುತ್ತ ಅಪ್ಪ ಬಿಳಿ ಬಣ್ಣದಿಂದ ಗುಂಡಗೆ ಕಣ್ಣು ಬರೆದಿದ್ದ. ಕೆಳಗೆ ಕಿವಿಯಿಂದ ಕಿವಿಯವರೆಗೆ ನಗುವ ಬಾಯಿ. ದೀಪ ಹಸಿರಾಗಿದ್ದರೆ ಡಬ್ಬಣ್ಣ ಖುಷಿಯಾಗಿದ್ದಾನೆ ಅಂತ ಅರ್ಥ.

ಈಗ ಒಂದು ಕಣ್ಣು ಕೆಂಪಗೆ ಉರಿಯುತ್ತಿತ್ತು. ಬಾಯಿ ಮಾತ್ರ ನಗುತ್ತಲೇ ಇತ್ತು.

ಬುಗುರಿ ಪ್ಲಗ್ ಕಿತ್ತಳು. ಸ್ವಲ್ಪ ಹೊತ್ತು ಕಾದು ಮತ್ತೆ ಹಾಕಿದಳು. ಡಬ್ಬಣ್ಣ ಒಂದೊಂದೇ ದೀಪ ಹೊತ್ತಿಸುತ್ತಾ, ನಿದ್ದೆಯಿಂದ ಎದ್ದವರು ಆಕಳಿಸುವ ಹಾಗೆ ನಿಧಾನವಾಗಿ ಎದ್ದ. ಕಣ್ಣು ಹಸಿರಾಗುವ ಹೊತ್ತಿಗೆ ಅಪ್ಪನ ಮೆಸೇಜ್ ಬಂದಿತ್ತು.

'ಡ್ಯೂಟಿಗೆ ಹೋಗ್ಬೇಕು ಕಂದಾ. ನಾಳೆ ಬೆಳಗ್ಗೆ ಮಾಡ್ತೀನಿ. ನಾಳೆ ಮಧ್ಯಾಹ್ನ ಹಡಗು ಹೊರಡುತ್ತೆ.'

ಅಪ್ಪ ದೊಡ್ಡದೊಂದು ಸರಕು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ಹಡಗು ಯಾವುದಾದರೂ ಬಂದರಿಗೆ ಬಂದಾಗ ಮಾತ್ರ ಅವನು ವಿಡಿಯೋ ಕಾಲ್ ಮಾಡುತ್ತಿದ್ದ. ಈ ಬಂದರು ಬಿಟ್ಟರೆ ಮುಂದಿನದು ಸಮುದ್ರದ ಆಚೆ ದಡದಲ್ಲಿ. ಅಲ್ಲಿಯವರೆಗೆ ಬರೀ ನೀರು.

"ಸೈಕಲ್ ವಿಷಯ ನಾನು ಮೆಸೇಜಲ್ಲಿ ಹಾಕ್ಲಾ?" ಎಂದು ಅಜ್ಜಿ ಕೇಳಿದಳು.

"ಅಜ್ಜೀ! ನೀನು ಹೇಳ್ಬಾರ್ದು. ಅಮ್ಮನೂ ಹೇಳ್ಬಾರ್ದು. ನಾನೇ ಹೇಳ್ಬೇಕು. ಅಪ್ಪನ ಮುಖ ನೋಡ್ತಾ ಹೇಳ್ಬೇಕು."

ಅಪ್ಪ ಮನೆಯಲ್ಲಿದ್ದಾಗ ದಿನಾ ಸಾಯಂಕಾಲ ಇದೇ ಓಣಿಯಲ್ಲಿ ಸೈಕಲ್ಲಿನ ಸೀಟು ಹಿಡಿದುಕೊಂಡು ಹಿಂದೆ ಓಡುತ್ತಿದ್ದ. "ಬಿಡ್ಬೇಡ ಅಪ್ಪಾ!" ಎಂದು ಬುಗುರಿ ಕೂಗುತ್ತಿದ್ದಳು. "ಬಿಡಲ್ಲ, ನೀನು ಮುಂದೆ ನೋಡು!" ಎಂದು ಅಪ್ಪ ಏದುಸಿರು ಬಿಡುತ್ತಾ ಹೇಳುತ್ತಿದ್ದ. ಅವಳು ಕಲಿಯುವ ಮೊದಲೇ ಅವನ ಹಡಗು ಹೊರಟಿತ್ತು. ಹೋದ ವಾರವಷ್ಟೇ ಅವಳು ಕಲಿತಿದ್ದಳು.

"ಇದಕ್ಕೆ ವಯಸ್ಸಾಯ್ತು ಕಣೇ," ಎಂದು ಅಜ್ಜಿ ಡಬ್ಬಣ್ಣನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಿನ್ನೆಯೂ ಹೀಗೇ ಆಯ್ತು. ಮೊನ್ನೆಯೂ ಆಯ್ತು. ಬೇರೆ ತರೋಣ."

"ಡಬ್ಬಣ್ಣಂಗೆ ಏನೂ ಆಗಿಲ್ಲ. ಧೂಳು ಕೂತಿದೆ ಅಷ್ಟೆ!"

ಅಜ್ಜಿ ಅವಳ ಮುಖವನ್ನೇ ನೋಡಿದಳು.

ಬುಗುರಿ ಸ್ಟೂಲ್ ಎಳೆದು ತಂದು ಒಣ ಬಟ್ಟೆಯಿಂದ ಡಬ್ಬಣ್ಣನನ್ನು ಒರೆಸತೊಡಗಿದಳು. ಅವನು ಈ ಗೋಡೆಗೆ ಬಂದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ಅವಳು ತುಂಬಾ ಚಿಕ್ಕವಳು. ಅಪ್ಪ ಡ್ರಿಲ್ ಹಿಡಿದು ಗೋಡೆಗೆ ತೂತು ಕೊರೆದಿದ್ದ. ಕೆಂಪು ಪುಡಿ ಅವನ ಕೂದಲ ಮೇಲೆಲ್ಲಾ ಉದುರಿತ್ತು. ಬುಗುರಿ ಅಂಗೈಯಲ್ಲಿ ಸ್ಕ್ರೂಗಳನ್ನು ಮುಚ್ಚಿಟ್ಟುಕೊಂಡು, ಅವನು ಕೈ ಚಾಚಿದಾಗಲೆಲ್ಲ ಒಂದೊಂದೇ ಕೊಟ್ಟಿದ್ದಳು. ಕೊನೆಯ ಸ್ಕ್ರೂ ಬಿಗಿ ಮಾಡುವಾಗ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಅವಳ ಕೈಗೇ ಸ್ಕ್ರೂಡ್ರೈವರ್ ಕೊಟ್ಟು, ಮೇಲೆ ತನ್ನ ಕೈ ಇಟ್ಟು ತಿರುಗಿಸಿದ್ದ. ಅಪ್ಪನ ಕೂದಲಿನಿಂದ ಸುಣ್ಣದ ವಾಸನೆ ಬರುತ್ತಿತ್ತು.

"ಒರೆಸಿದ್ದಾಯ್ತಾ? ಬಾ, ಟೆಸ್ಟ್ ಮಾಡೋಣ," ಎಂದಳು ಅಜ್ಜಿ.

ಅಜ್ಜಿ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈಗಲೂ ಫೋನ್ ಎತ್ತಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ವೈಫೈ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಕೆಟ್ಟ ಲೈನ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು.

"ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ, ಮೊದಲು ಅದು ಗೊತ್ತಾಗ್ಲಿ. ನೀನು ವಿಡಿಯೋ ಹಾಕ್ಕೊಂಡು ನಡಿ."

ಬುಗುರಿ ಮೊಲದ ಕಾರ್ಟೂನ್ ಹಾಕಿಕೊಂಡು ನಡೆದಳು. ಅಜ್ಜಿ ಮುಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು, ಡಬ್ಬಣ್ಣನ ಮೇಲೊಂದು ಕಣ್ಣಿಟ್ಟು, ಜೋರಾಗಿ ಕೂಗಿದಳು. "ನಡುಕೋಣೆ?"

"ಬರ್ತಿದೆ! ಅಯ್ಯೋ, ನಿಂತು ನಿಂತು ಬರ್ತಿದೆ."

"ಅಡುಗೆಮನೆ?"

"ಮೊಲದ ತಲೆ ಮಾತ್ರ ಬಂತು!"

"ಹಿಂದಿನ ಕೋಣೆ?"

ಅಲ್ಲಿ ಮೊಲವೂ ಇಲ್ಲ, ತಲೆಯೂ ಇಲ್ಲ. ಬರೀ ಗಿರಗಿರ ಚಕ್ರ.

ಈ ಮನೆಯೇ ಹಾಗೆ. ರೈಲು ಬೋಗಿಯ ಹಾಗೆ ಉದ್ದಕ್ಕೆ, ಒಂದರ ಹಿಂದೆ ಒಂದು ಕೋಣೆ. ಮಧ್ಯೆ ಮಧ್ಯೆ ಒಂದು ಮೊಳ ದಪ್ಪದ ಹಳೆಯ ಗೋಡೆಗಳು. ಮುಂದಿನ ಕೋಣೆಯಲ್ಲೇ ಕೂತು ಮಾತಾಡೋಣ ಅಂದರೆ ಎದುರಿಗೆ ವೆಲ್ಡಿಂಗ್ ಅಂಗಡಿ. ಭಾನುವಾರವೂ ಅದಕ್ಕೆ ರಜೆ ಇಲ್ಲ. ಆ ಸದ್ದಿನಲ್ಲಿ ಅಜ್ಜಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಮೊಬೈಲ್ ಸಿಗ್ನಲ್ಲಂತೂ ಅಕ್ಕಪಕ್ಕದ ಎತ್ತರದ ಕಟ್ಟಡಗಳ ನಡುವೆ ಈ ಮನೆಯನ್ನು ಮರೆತೇಬಿಟ್ಟಿತ್ತು.

"ಬುಗುರೀ, ಬಾ ಇಲ್ಲಿ!"

ಬುಗುರಿ ಓಡಿ ಬಂದಳು. ಡಬ್ಬಣ್ಣನ ಕಣ್ಣು ಮತ್ತೆ ಕೆಂಪಾಗಿತ್ತು. ಅವಳು ಈಗ ಅವನ ಬುಡದಲ್ಲೇ ನಿಂತಿದ್ದಳು. ಆದರೂ ಫೋನಿನಲ್ಲಿ ಏನೂ ಬರುತ್ತಿರಲಿಲ್ಲ. ಕೈ ಚಾಚಿ ಮುಟ್ಟಿದಳು. ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

"ಎಷ್ಟು ಬಿಸಿ ಅಜ್ಜಿ! ಇದರಲ್ಲಿ ಬಟ್ಟೆ ಇಸ್ತ್ರಿ ಮಾಡ್ಬಹುದು."

"ಹೂಂ," ಎಂದಳು ಅಜ್ಜಿ. "ದೂರಕ್ಕೆ ಮುಟ್ಟೋದು ಒಂದು ಕಡೆ ಇರ್ಲಿ. ಹತ್ತಿರ ಇರೋರಿಗೂ ಇದರ ಕೈಲಿ ಆಗ್ತಿಲ್ಲ."

ಬುಗುರಿ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಕೆಳತುಟಿ ಮುಂದಕ್ಕೆ ಬಂತು. ಅಜ್ಜಿ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ನಾನು ಎಕ್ಸ್‌ಚೇಂಜಲ್ಲಿದ್ದಾಗ ನಮ್ಮ ಎದುರಿಗೆ ಗೋಡೆಯಷ್ಟು ಎತ್ತರದ ಬೋರ್ಡಿತ್ತು. ತುಂಬಾ ತೂತುಗಳು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ವೈರು. ಯಾರು ಯಾರ ಹತ್ರ ಮಾತಾಡ್ಬೇಕೋ ಆ ತೂತಿಗೆ ಚುಚ್ಚೋದು. ಒಂದಿನ ಆಟೋಮ್ಯಾಟಿಕ್ ಮೆಷಿನ್ ಬಂತು. ಜನ ತಾವೇ ನಂಬರ್ ತಿರುಗಿಸಿ ಮಾತಾಡೋ ಹಾಗಾಯ್ತು. ನಮ್ಮ ಬೋರ್ಡನ್ನ ಬಿಚ್ಚಿ ಲಾರಿಗೆ ತುಂಬಿದ್ರು. ನಾನು ಗೇಟ್ ಹತ್ರ ನಿಂತ್ಕೊಂಡು ಗೊಳೋ ಅಂತ ಅತ್ತುಬಿಟ್ಟೆ."

ಬುಗುರಿಗೆ ನಗು ಬಂತು. "ಬೋರ್ಡಿಗೋಸ್ಕರ ಯಾರಾದ್ರೂ ಅಳ್ತಾರಾ?"

"ನಾನೂ ಬೋರ್ಡಿಗೋಸ್ಕರ ಅಂತಲೇ ಅಂದ್ಕೊಂಡಿದ್ದೆ." ಅಜ್ಜಿ ಸೀರೆಯ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ನನ್ನ ಪಕ್ಕದ ಕುರ್ಚೀಲಿ ಒಬ್ಬಳು ಕೂತ್ಕೊಳ್ತಿದ್ಲು. ನಗೋಕೆ ಶುರು ಮಾಡಿದ್ರೆ ನಿಲ್ಲಿಸ್ತಾನೇ ಇರ್ಲಿಲ್ಲ. ಸೂಪರ್‌ವೈಸರ್ ಬಂದ್ರೆ ಬಾಯಿಗೆ ಕರ್ಚೀಫ್ ತುರುಕಿಕೊಳ್ತಿದ್ಲು. ಬೋರ್ಡ್ ಹೋದ್ಮೇಲೆ ಅವಳನ್ನ ಬೇರೆ ಊರಿನ ಆಫೀಸಿಗೆ ಹಾಕಿದ್ರು. ಮಾರನೇ ದಿನ ಆ ಖಾಲಿ ಕುರ್ಚಿ ನೋಡಿದ್ನಲ್ಲ, ಆಗ ಗೊತ್ತಾಯ್ತು ನಾನು ಯಾತಕ್ಕೆ ಅತ್ತೆ ಅಂತ."

ಎದುರು ಅಂಗಡಿಯಲ್ಲಿ ವೆಲ್ಡಿಂಗ್ ಕಿಡಿ ಚರ್ರ್ ಎಂದು ಹಾರಿತು.

"ಸರಿ, ಚಪ್ಪಲಿ ಹಾಕ್ಕೋ," ಎಂದಳು ಅಜ್ಜಿ. "ಅಂಗಡಿ ಮುಚ್ಚೋದ್ರೊಳಗೆ ಹೋಗಿ ಬರೋಣ. ಅಲ್ಲಿ ಹೋಗಿ ಏನು ಕೇಳ್ಬೇಕು ಅಂತ ಗೊತ್ತಿರ್ಲಿ. ನಮ್ಮನೆ ಹೇಗಿದೆ ಅಂತ ಒಂದು ಚಿತ್ರ ಬರಿ."

ಬುಗುರಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಭಾಗದಲ್ಲಿ ರೈಲು ಬೋಗಿಯಂಥ ಮನೆ ಬರೆದಳು. ಕಾರ್ಟೂನ್ ಬಂದ ಕಡೆ ಇಡೀ ಮೊಲ, ಅಡುಗೆಮನೆಯಲ್ಲಿ ಮೊಲದ ತಲೆ, ಹಿಂದಿನ ಕೋಣೆಯಲ್ಲಿ ಬರೀ ಒಂದು ಪ್ರಶ್ನೆ ಗುರುತು.

ಕಂಪ್ಯೂಟರ್ ಅಂಗಡಿ ಪಕ್ಕದ ಬೀದಿಯಲ್ಲೇ ಇತ್ತು. ಒಳಗೆ ಇಬ್ಬರು ಒಟ್ಟಿಗೆ ತಿರುಗಲೂ ಜಾಗವಿಲ್ಲ. ಸೂರಿನವರೆಗೆ ಪೆಟ್ಟಿಗೆಗಳು, ಮೇಲಿಂದ ಗೊಂಚಲು ಗೊಂಚಲಾಗಿ ಇಳಿಬಿದ್ದ ವೈರುಗಳು. ಕೌಂಟರಿನಲ್ಲಿದ್ದ ಅಕ್ಕ ಜಡೆಗೆ ಪೆನ್ನು ಸಿಕ್ಕಿಸಿಕೊಂಡು, ಪೆನ್ನಿಗಾಗಿ ಡ್ರಾಯರೆಲ್ಲಾ ಹುಡುಕುತ್ತಿದ್ದಳು.

"ಅಕ್ಕಾ, ಪೆನ್ನು ನಿಮ್ಮ ತಲೇಲಿದೆ," ಎಂದಳು ಬುಗುರಿ.

"ಅಯ್ಯೋ, ಬದುಕಿಸಿದೆ! ಏನು ಬೇಕು ಹೇಳು."

"ರೂಟರ್. ಕಟ್ ಆಗದೇ ಇರೋದು."

ಅಕ್ಕ ಮೊದಲು ಕೆಳಗಿಳಿಸಿದ್ದು ದೊಡ್ಡದೊಂದು ಪೆಟ್ಟಿಗೆ. ಅದರೊಳಗಿನ ರೂಟರಿಗೆ ಎಂಟು ಕೊಂಬು. ಅಂಗಾತ ಬಿದ್ದ ಜೇಡ ಕಾಲು ಮೇಲೆತ್ತಿದ ಹಾಗಿತ್ತು. ಬುಗುರಿಗೆ ನೋಡಿದ ಕೂಡಲೇ ಮನಸ್ಸು ಹೋಯಿತು. ಎರಡು ಕೊಂಬಿನ ಡಬ್ಬಣ್ಣನ ಜಾಗಕ್ಕೆ ಯಾರಾದರೂ ಬರಲೇಬೇಕು ಅಂದರೆ ಇಂಥವನು ಬರಲಿ!

"ಇದೇ ಇರ್ಲಿ ಅಜ್ಜಿ!"

"ನಿಲ್ಲು ನಿಲ್ಲು. ಮೊದಲು ಚಿತ್ರ ತೋರಿಸು."

ಅಕ್ಕ ಕ್ಯಾಲೆಂಡರ್ ಹಾಳೆಯನ್ನು ಕೌಂಟರಿನ ಮೇಲೆ ಹರಡಿ ನೋಡಿದಳು. ಮೊಲದ ತಲೆ ನೋಡಿ ನಕ್ಕಳು. ಆಮೇಲೆ ಗಂಭೀರವಾದಳು.

"ಗೋಡೆ ಇಷ್ಟು ದಪ್ಪಾನಾ?"

"ಬೆಕ್ಕು ಆರಾಮಾಗಿ ಕಿಟಕೀಲಿ ಮಲಗುತ್ತೆ," ಎಂದಳು ಬುಗುರಿ.

"ಹಾಗಾದ್ರೆ ಈ ಜೇಡ ನಿಮಗೆ ಬೇಡ. ಇದು ಜೋರಾಗಿ ಕೂಗುತ್ತೆ, ನಿಜ. ಆದ್ರೆ ನಿಮ್ಮ ಫೋನಿನ ಧ್ವನಿ ಚಿಕ್ಕದು. ಹಿಂದಿನ ಕೋಣೆಯಿಂದ ಫೋನ್ ಹೇಳಿದ್ದು ಇದಕ್ಕೆ ಕೇಳಿಸ್ಬೇಕಲ್ಲ? ಒಬ್ಬರೇ ಕೂಗಿದ್ರೆ ಮಾತುಕತೆ ಆಗಲ್ಲ."

ಅವಳು ಒಳಗಿನಿಂದ ಇನ್ನೊಂದು ಪೆಟ್ಟಿಗೆ ತಂದಳು. ಅದರಲ್ಲಿ ಎರಡು ಪುಟ್ಟ ಬಿಳಿ ಡಬ್ಬಿಗಳು. ಕೊಂಬಿಲ್ಲ, ಕಾಲಿಲ್ಲ. ಟೀ ಕಪ್ಪು ಬೋರಲು ಹಾಕಿದ ಹಾಗಿದ್ದವು.

"ಒಂದು ಮುಂದೆ ಇಡಿ, ಇನ್ನೊಂದು ಮಧ್ಯದಲ್ಲಿ. ಹಿಂದಿನ ಕೋಣೆಯ ಮಾತನ್ನ ಮಧ್ಯದ್ದು ಕೇಳಿಸ್ಕೊಂಡು ಮುಂದಿನದಕ್ಕೆ ಕೊಡುತ್ತೆ."

ಅಜ್ಜಿಯ ಮುಖ ಅರಳಿತು. "ಓ! ನಮ್ಮ ಟ್ರಂಕ್ ಕಾಲಿನ ಥರ. ಈ ಊರಿನ ಎಕ್ಸ್‌ಚೇಂಜು ಆ ಊರಿನ ಎಕ್ಸ್‌ಚೇಂಜಿಗೆ ಲೈನ್ ಕೊಡ್ತಿತ್ತಲ್ಲ!"

ಅಕ್ಕನಿಗೆ ಟ್ರಂಕ್ ಕಾಲ್ ಅಂದರೆ ಗೊತ್ತಿರಲಿಲ್ಲ. ಅಜ್ಜಿ ಕೌಂಟರಿಗೆ ಮೊಣಕೈ ಊರಿ ಅದನ್ನು ಹೇಳಿದಳು. ಬುಕ್ ಮಾಡಿ ಜನ ಹೇಗೆ ಸಾಯಂಕಾಲದವರೆಗೆ ಫೋನಿನ ಪಕ್ಕ ಕೂತು ಕಾಯುತ್ತಿದ್ದರು, ಲೈನ್ ಸಿಕ್ಕಾಗ ಎಷ್ಟು ಜೋರಾಗಿ ಕಿರುಚುತ್ತಿದ್ದರು, ಎಲ್ಲವನ್ನೂ. ಹಿಂದೆ ನಿಂತಿದ್ದ ಇನ್ನೊಬ್ಬ ಗಿರಾಕಿಯೂ ತನ್ನ ಕೆಲಸ ಮರೆತು ಕೇಳಿಸಿಕೊಂಡ. ಆಮೇಲೆ ಅಜ್ಜಿಯೇ ಎಚ್ಚೆತ್ತು ವ್ಯವಹಾರಕ್ಕೆ ಇಳಿದಳು.

"ಇದು ಬಿಸಿ ಆಗಿ ನಿಂತುಹೋಗುತ್ತಾ?"

"ಸುತ್ತ ಗಾಳಿ ಆಡೋ ಹಾಗಿಟ್ರೆ ಆಗಲ್ಲ. ಬೀರುವಿನ ಹಿಂದೆ ಬಚ್ಚಿಡ್ಬೇಡಿ."

"ಅಪ್‌ಡೇಟ್ ಬರುತ್ತಾ?" ಇದನ್ನು ಕೇಳಿದ್ದು ಬುಗುರಿ. ಅಮ್ಮನ ಫೋನ್ ಹಳತಾಗಿ ಅಪ್‌ಡೇಟ್ ನಿಂತುಹೋದಾಗ ಎಷ್ಟು ಪೇಚಾಟವಾಗಿತ್ತು ಅಂತ ಅವಳು ನೋಡಿದ್ದಳು.

"ಬರುತ್ತೆ. ಇದು ಈಚಿನ ಮಾಡೆಲ್. ನಿಮ್ಮನೇಲಿ ಸರಿಹೋಗಲಿಲ್ಲ ಅಂದ್ರೆ ವಾಪಸ್ ತನ್ನಿ, ನಾನೇ ತಗೋತೀನಿ. ಇನ್ನೊಂದು ಮಾತು, ಹಳೇ ರೂಟರಿನ ಹೆಸರು, ಪಾಸ್‌ವರ್ಡ್ ಎರಡನ್ನೂ ಇದಕ್ಕೂ ಇಡಿ. ಫೋನು, ಟಿವಿ ಎಲ್ಲಾ ತಾವಾಗೇ ಸೇರ್ಕೊಳ್ತಾವೆ."

ಅಮ್ಮ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಪೆಟ್ಟಿಗೆ ಮೇಜಿನ ಮೇಲಿತ್ತು. ಅವಳು ಕೈಕಾಲು ತೊಳೆದುಕೊಂಡು ಸ್ಕ್ರೂಡ್ರೈವರ್ ಹಿಡಿದು ಸ್ಟೂಲ್ ಹತ್ತಿದಳು.

"ಅಮ್ಮಾ, ಡಬ್ಬಣ್ಣನೂ ಅಲ್ಲೇ ಇರ್ಲಿ. ಹೊಸದನ್ನ ಕೆಳಗೆ ಇಡೋಣ."

"ಇಂಟರ್ನೆಟ್ ವೈರ್ ಇರೋದು ಒಂದೇ ಅಲ್ವಾ ಕಂದಾ? ಅದನ್ನ ಅವನ ಹೊಟ್ಟೆಯಿಂದ ಬಿಚ್ಚಿ ಹೊಸದಕ್ಕೆ ಹಾಕ್ಬೇಕು."

ಅಮ್ಮ ತಿರುಗಿಸಿದಳು. ಸ್ಕ್ರೂ ಮಿಸುಕಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದಳು. ಊಹೂಂ.

"ನೋಡಿ ಅತ್ತೆ, ನಿಮ್ಮ ಮಗ ಇದನ್ನ ಹಡಗಿನ ಬೋಲ್ಟು ಅಂದ್ಕೊಂಡುಬಿಟ್ಟಿದ್ದಾರೆ," ಎಂದು ಅಮ್ಮ ನಕ್ಕಳು. ನಗು ಮಧ್ಯದಲ್ಲೇ ನಿಂತಿತು. ಸ್ಕ್ರೂಡ್ರೈವರ್ ಹಿಡಿದುಕೊಂಡು ಸ್ವಲ್ಪ ಹೊತ್ತು ಗೋಡೆಯ ಕಡೆಗೇ ತಿರುಗಿ ನಿಂತಳು.

ಬುಗುರಿಗೆ ಅಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಸುಮ್ಮನೆ ಹೋಗಿ ಅಮ್ಮನ ಹೆಗಲಿನಿಂದ ಜೋತುಬಿದ್ದ ದುಪಟ್ಟಾದ ತುದಿ ಜಗ್ಗಿದಳು.

"ಇಳಿ ಅಮ್ಮಾ. ನಾನು ಬಿಚ್ತೀನಿ. ಹಾಕಿದ್ದು ನಾನೇ ತಾನೇ?"

ಅವಳು ಸ್ಟೂಲ್ ಹತ್ತಿದಳು. ಅಮ್ಮ ಹಿಂದಿನಿಂದ ಅವಳ ಕೈಯ ಮೇಲೆ ಕೈ ಇಟ್ಟಳು. ಇಬ್ಬರೂ ಸೇರಿ ಒತ್ತಿ ತಿರುಗಿಸಿದರು. ಕಿರ್ರ್ ಎಂದು ಸ್ಕ್ರೂ ಸಡಿಲಾಯಿತು. ಡಬ್ಬಣ್ಣ ಬುಗುರಿಯ ಕೈಗೆ ಬಂದ. ಇನ್ನೂ ಬೆಚ್ಚಗಿದ್ದ. ಗೋಡೆಯೆಲ್ಲ ಹಳದಿಯಾಗಿತ್ತು. ಅವನಿದ್ದಷ್ಟು ಜಾಗ ಮಾತ್ರ ಅಚ್ಚ ಬಿಳಿ.

ಒಂದು ಬಿಳಿ ಡಬ್ಬಿಯನ್ನು ಅಲ್ಲೇ ಕೆಳಗಿನ ಮೇಜಿನ ಮೇಲಿಟ್ಟರು. ಇನ್ನೊಂದನ್ನು ಬುಗುರಿ ನೇರವಾಗಿ ಹಿಂದಿನ ಕೋಣೆಗೆ ಒಯ್ದಳು. ಅಲ್ಲೇ ತಾನೇ ಸಿಗ್ನಲ್ ಬೇಕಾಗಿರುವುದು? ಆದರೆ ಅದು ಕಿತ್ತಳೆ ಬಣ್ಣದ ದೀಪವನ್ನು ಮಿಣಮಿಣ ಮಿನುಗಿಸಿತೇ ಹೊರತು ಮಾತಾಡಲಿಲ್ಲ.

"ಅಲ್ಲಿ ಅದಕ್ಕೇ ಲೈನ್ ಸಿಕ್ತಿಲ್ಲ. ಅದು ಬೇರೆಯವರಿಗೆ ಏನು ಕೊಡುತ್ತೆ?" ಎಂದಳು ಅಜ್ಜಿ. "ಮಧ್ಯಕ್ಕೆ ತಾ."

ನಡುಕೋಣೆಯ ಕಪಾಟಿನ ಮೇಲಿಟ್ಟ ಕೂಡಲೇ ದೀಪ ತಣ್ಣಗೆ ಬಿಳಿಯಾಯಿತು. ಅಮ್ಮ ಫೋನಿನಲ್ಲಿ ಹಳೆಯ ಹೆಸರನ್ನೇ ಒತ್ತಿದಳು: ಡಬ್ಬಣ್ಣ. ಬುಗುರಿ ಕಾರ್ಟೂನ್ ಹಾಕಿಕೊಂಡು ಹಿಂದಿನ ಕೋಣೆಗೆ ನಡೆದಳು. ಮೊಲ ಕಿವಿ, ತಲೆ, ಬಾಲ ಸಮೇತ ಅವಳ ಜೊತೆಗೇ ಬಂತು.

ಭಾನುವಾರ ಬೆಳಗ್ಗೆ ಮೂವರೂ ಹಿಂದಿನ ಕೋಣೆಯ ಮಂಚದ ಮೇಲೆ ಸಾಲಾಗಿ ಕೂತರು. ಬುಗುರಿ ತಲೆ ಬಾಚಿಕೊಂಡಿದ್ದಳು. ಫೋನ್ ರಿಂಗಾದ ತಕ್ಷಣ ಹಸಿರು ಗುಂಡಿ ಒತ್ತಿದಳು.

"ಕಂದಾ!"

ಬುಗುರಿ ಪರದೆಯ ಹತ್ತಿರಕ್ಕೆ ಬಾಗಿದಳು. ಅಪ್ಪ ಇಷ್ಟು ಸ್ಪಷ್ಟವಾಗಿ ಕಂಡು ಎಷ್ಟೋ ದಿನವಾಗಿತ್ತು. ಅವನ ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲಿತ್ತು. ಕಣ್ಣಿನ ಕೆಳಗೆ ಕಪ್ಪಗಾಗಿತ್ತು. ಚೌಕ ಚೌಕವಾಗಿ ಕಾಣುವ ಅಪ್ಪನಲ್ಲಿ ಇದೊಂದೂ ಇರಲಿಲ್ಲ.

"ಏನಿದು, ಕನ್ನಡಿಯಲ್ಲಿ ನೋಡಿದ ಹಾಗೆ ಕಾಣ್ತಿದೀರಲ್ಲ ಎಲ್ಲರೂ!" ಎಂದ ಅಪ್ಪ. "ಅಮ್ಮಾ, ಹೊಸ ಕನ್ನಡಕಾನಾ?"

"ಹೊಸದೇನು ಬಂತು? ಹಾಕ್ಕೊಂಡು ಅರ್ಧ ವರ್ಷ ಆಯ್ತಲ್ಲೋ ಮಗಾ," ಎಂದಳು ಅಜ್ಜಿ. ಎಲ್ಲರೂ ನಕ್ಕರು.

ಅಮ್ಮ ಮೊಣಕೈಯಿಂದ ಬುಗುರಿಯನ್ನು ಮೆಲ್ಲಗೆ ತಿವಿದಳು.

"ಅಪ್ಪಾ, ನಾನು ಸೈಕಲ್ ಕಲಿತೆ!"

"ಏನು?"

"ಸೈಕಲ್! ಓಣಿಯ ಈ ತುದಿಯಿಂದ ಆ ತುದಿಯವರೆಗೆ. ತಿರುಗಿಸಿಕೊಂಡು ವಾಪಸ್ಸೂ ಬಂದೆ!"

"ಶಹಬ್ಬಾಸ್!" ಅಪ್ಪ ಮೇಜು ಗುದ್ದಿದ. "ಬಿದ್ದೆಯಾ?"

"ಬಿದ್ದೆ. ಮೊಣಕಾಲು ತರಚಿತು. ಆಮೇಲೆ ಬೀಳ್ಲಿಲ್ಲ."

"ಹಿಂದೆ ಯಾರು ಹಿಡ್ಕೊಂಡಿದ್ರು?"

"ಯಾರೂ ಇಲ್ಲ ಅಪ್ಪಾ. ನಾನೊಬ್ಬಳೇ!"

"ಭೇಷ್," ಎಂದ ಅಪ್ಪ. "ಭೇಷ್ ಕಣೇ."

ಆಮೇಲೆ ಅವನು ಏನೂ ಹೇಳಲಿಲ್ಲ. ತುಟಿ ನಗುವಿನಲ್ಲೇ ಇತ್ತು, ಕಣ್ಣು ಅವಳನ್ನೇ ನೋಡುತ್ತಿತ್ತು. ಏನೂ ಅಲುಗಾಡಲಿಲ್ಲ.

ಕೇಳಿಸ್ತಾ ಇದೆಯಾ ಎಂದು ಕೂಗುವುದಕ್ಕೆ ಬುಗುರಿ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಅಪ್ಪನ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಪುಟ್ಟದೊಂದು ಫ್ಯಾನು ಆ ಕಡೆ ಈ ಕಡೆ ಮುಖ ತಿರುಗಿಸುತ್ತಾ ಸುತ್ತುತ್ತಿತ್ತು. ಅದರ ಗಾಳಿಗೆ ಅಪ್ಪನ ಅಂಗಿಯ ಕಾಲರ್ ಮೆಲ್ಲಗೆ ಎದ್ದು ಕೂತಿತು.

ಬುಗುರಿ ಬಾಯಿ ಮುಚ್ಚಿಕೊಂಡಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಮುಖ ಪೂರ್ತಿ ಕಾಣುವ ಹಾಗೆ ನೇರ ಮಾಡಿದಳು. ಒಂದಿಷ್ಟೂ ಅಲ್ಲಾಡದೆ ಕೂತಳು.

"ಏನಾಯ್ತೇ, ಕಟ್ ಆಯ್ತಾ?" ಎಂದು ಅಜ್ಜಿ ಪಿಸುಗುಟ್ಟಿದಳು.

"ಇಲ್ಲ ಅಜ್ಜಿ," ಎಂದಳು ಬುಗುರಿ, ಇನ್ನೂ ಮೆಲ್ಲಗೆ. "ಇದ್ದಾನೆ."